ಚಾಡಿ ಹೇಳುವ ಕಂದು ಗೋಡೆ

"ಅಕ್ಕಾರ, ಇದು ಬಾಗಲಕ್ಕ ಹಚ್ಚೂ ಬಣ್ಣರೀ. ಗ್ವಾಡಿಗೆ ಯಾರರ ಹಚ್ತಾರೇನ್ರಿ?"

ಶೇಡ್ ಕಾರ್ಡಿನಲ್ಲಿ ನಾನು ಬೆರಳಿಟ್ಟ ಬಣ್ಣ ನೋಡಿ ಬಾದಾಮಿಯ ನಮ್ಮ ಪೇಂಟರ್ ಹೀಗೆಂದಾಗ ನನಗೆ ಸಿಟ್ಟು ಬಂತು. (ತೋರಿಸಲಿಲ್ಲ. ತೋರಿಸುವ ಅಭ್ಯಾಸವಿಲ್ಲ.) ಹಳೇ ಬೆಲ್ಲದಂಥ ದಟ್ಟ ಕಂದು. ಅಂಥ ಗೋಡೆಗಳ ಫೋಟೊಗಳನ್ನು ಎಷ್ಟೋ ದಿನದಿಂದ ಫೋನಿನಲ್ಲಿ ಕೂಡಿಡುತ್ತಿದ್ದೆ. ಕಂದು ಗೋಡೆ, ಪಕ್ಕಕ್ಕೊಂದು ಹಿತ್ತಾಳೆ ದೀಪ, ಮೇಲಿಂದ ಹಳದಿ ಬೆಳಕು. ನೋಡಿದರೇ ಬೆಚ್ಚಗೆನಿಸುತ್ತದೆ. ಬಾದಾಮಿಯ ಬಿಸಿಲಿನಲ್ಲಿ ಇನ್ನೂ ಬೆಚ್ಚಗೆ ಬೇಕೇ ಎಂದು ನೀವು ಕೇಳಬಹುದು. ಅಪ್ಪನೂ ಕೇಳಿದರು.

ಕೊನೆಗೆ ನನ್ನ ಪಾಲಿಗೆ ಸಿಕ್ಕಿದ್ದು ಒಂದೇ ಗೋಡೆ. ದೇವರ ಕೋಣೆಯಿಂದ ಅಡುಗೆಮನೆಗೆ ಹೋಗುವ, ಓಣಿಯಂಥ ಜಾಗದ್ದು. ಅದಕ್ಕೂ ಆಯಿಯ ವಿರೋಧ. ಆಯಿ ಎಂದರೆ ಅಪ್ಪನ ತಾಯಿ. (ಇದನ್ನೆಲ್ಲ ಬರೆಯಲು ಅವಳ ಒಪ್ಪಿಗೆ ಇದೆ. ವಯಸ್ಸು ಮಾತ್ರ ಬರೆಯಬಾರದಂತೆ.) ಯಾವುದಕ್ಕೂ ಅಡ್ಡಿ ಮಾಡದವಳು ಇದೊಂದಕ್ಕೆ ಹಟ ಹಿಡಿದಳು.

"ಬ್ಯಾಡವಾ, ಬಿಳೀದ ಇರಲಿ. ಕತ್ತಲಿ ಆಗತೈತಿ."

"ಬಿಳೀ ಗ್ವಾಡಿ ಮ್ಯಾಲೆ ಹೊಲಸ ಕಾಣತೈತಿ ಆಯಿ," ಅಂದೆ. ಗೆದ್ದೆ. ಎರಡು ಕೋಟ್, ಮ್ಯಾಟ್ ಫಿನಿಶ್.

ನಾಲ್ಕನೇ ದಿನ ಒಂದು ಸತ್ಯ ತಿಳಿಯಿತು. ನಮ್ಮ ಮನೆಯ ಹೊಲಸೇ ಬಿಳಿ! ರೊಟ್ಟಿಯ ಹಿಟ್ಟು, ವಿಭೂತಿ. ಬಿಳಿ ಗೋಡೆ ಇಷ್ಟು ವರ್ಷ ಎಲ್ಲವನ್ನೂ ನುಂಗಿಕೊಂಡು ಸುಮ್ಮನಿತ್ತು.

ದೇವರ ಕೋಣೆಯ ಬಾಗಿಲ ಪಕ್ಕ, ಎದೆಯೆತ್ತರಕ್ಕೆ, ಮೂರು ಬೆರಳಿನ ಗೆರೆಗಳು. ಹಣೆಗೆ ಹಚ್ಚಿ ಉಳಿದ ವಿಭೂತಿಯನ್ನು ಯಾರೋ ಗೋಡೆಗೆ ಒರೆಸಿದ್ದರು.

"ನಾ ಅಲ್ಲ," ಅಂದರು ಅಪ್ಪ, ಯಾರೂ ಕೇಳುವ ಮೊದಲೇ.

ನಕ್ಕೆ. ನಗು ಅಲ್ಲಿಗೇ ನಿಂತಿತು. ಅದಕ್ಕಿಂತ ಕೆಳಗೆ, ಸೊಂಟದೆತ್ತರಕ್ಕೆ, ವಿಭೂತಿ ಮೆತ್ತಿದ ಅಂಗೈ ಗುರುತುಗಳಿದ್ದವು. ಹೆಜ್ಜೆಗೊಂದರಂತೆ, ಅಡುಗೆಮನೆಯ ಹೊಸ್ತಿಲವರೆಗೆ. ಚಿಕ್ಕ ಅಂಗೈ. ಮಧ್ಯಾಹ್ನ ನೋಡಿದರೆ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಮರುದಿನ ಬೆಳಿಗ್ಗೆ ಮತ್ತೆ ಇದ್ದವು.

ಅದರ ಮಾರನೆಯ ದಿನ ಪುಸ್ತಕ ಹಿಡಿದು ಅಲ್ಲೇ ಕೂತೆ. ಪೂಜೆ ಮುಗಿಸಿದ ಆಯಿ ಗೋಡೆಗೆ ಕೈಯೂರಿ, ಕಾಲಿನಿಂದ ನೆಲ ತಡವುತ್ತ ಬಂದಳು. ನನ್ನ ಮುಂದೆಯೇ ಹಾದು ಹೋದಳು. ನಾನು ಕೂತಿದ್ದು ಅವಳಿಗೆ ಕಾಣಲಿಲ್ಲ.

"ಆಯಿ, ಯಾವಾಗಿಂದ ಕಣ್ಣ ಕಾಣವಲ್ವು?"

ಬೆಚ್ಚಿದಳು. "ಕಾಣ್ತಾವ ಬಿಡ. ನಿನ್ನ ಗ್ವಾಡಿನ ಕರ್ರಗ ಐತಿ."

"ಖರೆ ಹೇಳು."

"ಉಗಾದಿಯಿಂದ ಸ್ವಲ್ಪ ಮಬ್ಬ ಮಬ್ಬ. ನಿಮ್ಮಪ್ಪನ ಮುಂದ ಅನಬ್ಯಾಡವಾ. ಮಹಾಕೂಟ ಬಿಡಸ್ತಾನ."

ಪ್ರತಿ ಸೋಮವಾರ ಆಯಿ ಒಬ್ಬಳೇ ಟಂಟಂ ಆಟೊ ಹತ್ತಿ ಮಹಾಕೂಟದ ಶಿವನ ಗುಡಿಗೆ ಹೋಗುತ್ತಾಳೆ. ವಾರಕ್ಕೆ ಅದೊಂದೇ ಸಲ ಅವಳು ಒಬ್ಬಳೇ ಹೊರಗೆ ಹೋಗುವುದು. ಅಲ್ಲಿ ಯಾರ ಜೊತೆ ಕೂರುತ್ತಾಳೆ, ಏನು ಮಾತಾಡುತ್ತಾಳೆ, ಹೇಳುವುದಿಲ್ಲ. (ಏನನ್ನೂ ತೋರಿಸಿಕೊಳ್ಳದ ನನ್ನ ಗುಣ ಯಾರ ಕಡೆಯಿಂದ ಬಂತೆಂದು ಗೊತ್ತಾಯಿತಲ್ಲ?)

ಇನ್ನೊಬ್ಬರ ಗುಟ್ಟು ಒಯ್ದು ಒಪ್ಪಿಸುವವಳು ನಾನಲ್ಲ. ಆದರೆ ಮಹಾಕೂಟದ ಹೊಂಡದ ಮೆಟ್ಟಿಲು ಇಳಿಯುವಾಗ ಕೈಯೂರಲು ಗೋಡೆ ಎಲ್ಲಿದೆ? ಷರತ್ತು ಹಾಕಿದೆ. ಕಣ್ಣಿನ ದವಾಖಾನೆಗೆ ಬಂದರೆ ನಾನು ಬಾಯಿ ಬಿಡುವುದಿಲ್ಲ.

ಬಾಗಲಕೋಟೆಯ ಡಾಕ್ಟರು ಕಣ್ಣಿಗೆ ಪೊರೆ ಬಂದಿದೆ, ಆಪರೇಶನ್ ಆದರೆ ಸರಿಹೋಗುತ್ತದೆ ಅಂದರು. ಆಯಿಯದು ಒಂದೇ ಪ್ರಶ್ನೆ.

"ಎಷ್ಟ ಸೋಮವಾರ ತಪ್ಪತಾವ್ರಿ?"

"ನಾಕೈದು."

"ಆತು, ಮಾಡ್ರಿ."

ಆಪರೇಶನ್ ಎಂದ ಮೇಲೆ ಅಪ್ಪನಿಗೆ ಹೇಳಲೇಬೇಕಾಯಿತು. ಆಯಿಯೇ ಹೇಳಿದಳು, ಗೋಡೆಗೆ ಕೈಯೂರಿ ನಡೆಯುತ್ತಿದ್ದುದನ್ನೂ ಸೇರಿಸಿ. ಅವಳು ಹೆದರಿದಂತೆಯೇ ಆಯಿತು. "ಒಬ್ಬಾಕಿನ ಎಲ್ಲೀಗೂ ಹೋಗೂದ ಬ್ಯಾಡವಾ ಇನ್ನ. ಮನ್ಯಾಗ ದೇವರಿಲ್ಲೇನು?" ಅಂದರು ಅಪ್ಪ.

ಆಪರೇಶನ್ ಆಯಿತು. ಐದು ಸೋಮವಾರ ಕಳೆದವು. ಆರನೇ ಸೋಮವಾರ ಮುಂಜಾನೆ ಆಯಿ ಪೂಜೆ ಮುಗಿಸಿ, ಇಳಕಲ್ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ನಿಂತಳು. ಅಪ್ಪ ಬಾಗಿಲಿಗೆ ಅಡ್ಡ ನಿಂತರು.

"ಬಿದ್ದಗಿದ್ದರ ಏನ ಮಾಡೂದು?"

"ಹೋಗಿ ನಿನ್ನ ಮಗಳ ಗ್ವಾಡಿ ನೋಡಿ ಬಾ. ಒಂದರ ಕೈ ಗುರುತ ಐತೇನು ನಂದು?"

ಅಪ್ಪ ನಿಜಕ್ಕೂ ಹೋಗಿ ನೋಡಿದರು. ಬಗ್ಗಿ, ಹೊಸ್ತಿಲತನಕ. ಸೊಂಟದೆತ್ತರಕ್ಕೆ ಕಂದು ಬಣ್ಣ ಬಿಟ್ಟರೆ ಏನೂ ಇರಲಿಲ್ಲ. ತಿರುಗಿ ಬಂದು ದಾರಿ ಬಿಟ್ಟರು.

ನಾನು ಆರಿಸಿದ ಬಣ್ಣ ಗೆದ್ದಿತೆಂದು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಇಡೀ ಮನೆಯನ್ನು ನಡೆಸಿದ ಹೆಂಗಸಿಗೆ, ಸೋಮವಾರಕ್ಕೊಮ್ಮೆ ಹೊರಗೆ ಕಾಲಿಡಲು ಗೋಡೆಯ ಸಾಕ್ಷಿ ಯಾಕೆ ಬೇಕು?