ಚೀಟಿ ಮಾವನ ಹುಳ

ಬಸ್ ಡಿಪೋದ ಹಿಂಭಾಗದಲ್ಲಿ, ಹಳೆಯ ಟೈರು ಪೇರಿಸಿಟ್ಟ ಗೋಡೆಗೆ ಅಂಟಿಕೊಂಡಂತೆ ಒಂದು ಉದ್ದನೆಯ ಕೋಣೆಯಿದೆ. ಜನ ಬಸ್ಸಿನಲ್ಲಿ ಮರೆತುಹೋದದ್ದೆಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ, ಹಲ್ಲಿನ ಸೆಟ್ಟು, ಒಮ್ಮೆ ಒಂದು ಹೊಲಿಗೆ ಯಂತ್ರ. ಹೊಲಿಗೆ ಯಂತ್ರವನ್ನು ಯಾರಾದರೂ ಹೇಗೆ ಮರೆಯುತ್ತಾರೆ ಎಂದು ನನ್ನನ್ನು ಕೇಳಬೇಡಿ. ಮರೆತರು, ಅಷ್ಟೇ. ಆ ಕೋಣೆಯ ಕೌಂಟರಿನ ಹಿಂದೆ ಮೂವತ್ತೊಂದು ವರ್ಷದಿಂದ ಕೂತವರು ನಮ್ಮ ಚೀಟಿ ಮಾವ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು, ಅದು ಯಾರಿಗೂ ನೆನಪಿರಲಿಲ್ಲ. ಬಂದ ಪ್ರತಿ ವಸ್ತುವಿಗೂ ನಂಬರು ಬರೆದ ಚೀಟಿಯನ್ನು ದಾರದಲ್ಲಿ ಕಟ್ಟುವುದು ಅವರ ಕೆಲಸ. ವರ್ಷ ಕಳೆದಂತೆ ಕೆಲಸ ಹೋಗಿ ಚಟವಾಯಿತು. ಮನೆಯಲ್ಲಿ ಉಪ್ಪಿನ ಡಬ್ಬಿಗೂ ಚೀಟಿ, ಸಕ್ಕರೆ ಡಬ್ಬಿಗೂ ಚೀಟಿ, ಬೀಗದ ಕೈಗಂತೂ ಎರಡು.

“ನನಗೂ ಒಂದು ಕಟ್ಟಿಬಿಡಿ, ಯಾರಾದ್ರೂ ಬಂದು ಕೇಳಿದ್ರೆ ಕೊಟ್ಟುಬಿಡಬಹುದು,” ಎಂದು ಹೆಂಡತಿ ಒಮ್ಮೆ ಮೂಗು ಮುರಿದಿದ್ದರು.

“ಬಂದವರು ಗುರುತು ಸರಿಯಾಗಿ ಹೇಳಬೇಕಲ್ಲ,” ಎಂದು ಮಾವ ಪೇಪರಿನಿಂದ ತಲೆಯನ್ನೂ ಎತ್ತದೆ ಉತ್ತರ ಕೊಟ್ಟಿದ್ದರು. ಆ ದಿನ ಅವರಿಗೆ ಕಾಫಿ ಸಿಗಲಿಲ್ಲ.

ಆದರೆ ಮನುಷ್ಯ ಅಪ್ಪಟ. ಗುರುತು ಹೇಳದವರಿಗೆ ಒಂದು ಕರ್ಚೀಫೂ ಕೊಟ್ಟವರಲ್ಲ, ತಾವೂ ಒಂದು ಗುಂಡುಸೂಜಿ ಮುಟ್ಟಿದವರಲ್ಲ. ತೊಂಬತ್ತು ದಿನದೊಳಗೆ ವಾರಸುದಾರರು ಬರದಿದ್ದರೆ ಆ ವಸ್ತುವನ್ನು ಡಿಪೋದ ನೌಕರರು ಅರ್ಜಿ ಬರೆದು ತೆಗೆದುಕೊಳ್ಳಬಹುದು ಎಂಬ ನಿಯಮವೇ ಇತ್ತು. ಎಲ್ಲರೂ ತೆಗೆದುಕೊಳ್ಳುತ್ತಿದ್ದರು. ಮಾವ ಮಾತ್ರ ಬೆನ್ನ ಹಿಂದೆ ಇನ್ನೂರು ಕೊಡೆ ತೂಗಾಡುತ್ತಿದ್ದರೂ ಜಡಿಮಳೆಯಲ್ಲಿ ತೊಪ್ಪೆಯಾಗಿ ಮನೆಗೆ ಹೋಗುತ್ತಿದ್ದರು. ಇದು ಪ್ರಾಮಾಣಿಕತೆಯೋ ಹಟವೋ ಎಂದು ಡಿಪೋದಲ್ಲಿ ಎರಡು ಪಕ್ಷವಿತ್ತು.

ಅಂಥವರ ಕೌಂಟರಿನ ಮೇಲೆ ಒಂದು ಬೆಳಿಗ್ಗೆ ಕಂಡಕ್ಟರನೊಬ್ಬ ಒಂದು ಪ್ಲಾಸ್ಟಿಕ್ ಡಬ್ಬಿ ತಂದಿಟ್ಟ. ಪಾರದರ್ಶಕ ಡಬ್ಬಿ, ಮೇಲೆ ಬಲೆಯ ಮುಚ್ಚಳ, ಒಳಗೊಂದು ಒಣಕಡ್ಡಿ.

“ಮಾವ, ಹಿಂದಿನ ಸೀಟಲ್ಲಿತ್ತು. ಒಳಗೆ ಏನೋ ಇದೆ. ದಾರಿಯುದ್ದಕ್ಕೂ ನನ್ನನ್ನೇ ನೋಡ್ತಿತ್ತು!” ಎಂದವನೇ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಓಡಿದ.

ಮಾವ ಕನ್ನಡಕ ಏರಿಸಿ ಬಗ್ಗಿದರು. ಕಡ್ಡಿಯ ಮೇಲೆ ಇನ್ನೊಂದು ಕಡ್ಡಿ ಇತ್ತು. ಆ ಕಡ್ಡಿ ಮೆಲ್ಲಗೆ ಕತ್ತು ತಿರುಗಿಸಿ ಅವರನ್ನು ಮೇಲಿನಿಂದ ಕೆಳಗೆ ನೋಡಿತು. ಮಾವ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಎಂದಿನಂತೆ ರಿಜಿಸ್ಟರು ತೆರೆದು ಬರೆದರು: “ಹುಳ, ಒಂದು. ಜೀವಂತ. ಬಣ್ಣ ಕಂದು. ಉದ್ದ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ಎಡಗಡೆಯ ನಡುಗಾಲು ಇಲ್ಲ. ಸ್ವಭಾವ: ಕೈಮುಗಿಯುತ್ತದೆ.”

ನಿಯಮದ ಪ್ರಕಾರ ಚೀಟಿ ಕಟ್ಟಬೇಕಿದ್ದದ್ದು ವಸ್ತುವಿಗೆ, ಡಬ್ಬಿಗಲ್ಲ. ಮಾವ ಮುಚ್ಚಳ ತೆಗೆದು, ಅತಿ ತೆಳುವಾದ ದಾರ ಹುಡುಕಿ, ಸಣ್ಣ ಕುಣಿಕೆ ಹಾಕಿದರು. ಅಷ್ಟರಲ್ಲಿ ಪಕ್ಕದ ವಿಚಾರಣೆ ಕಿಟಕಿಯಲ್ಲಿ ಕೂರುವ ಹೆಂಗಸು ಯಾವುದೋ ಸಹಿಗೆ ಒಳಗೆ ಬಂದವಳು ಚೀರಿದಳು.

“ಅಯ್ಯಯ್ಯೋ, ಏನ್ ಮಾಡ್ತಿದೀರಾ ಸಾರ್? ಹುಳಕ್ಕೆ ಚೀಟಿ ಕಟ್ತಾರಾ?”

“ಎಲ್ಲದಕ್ಕೂ ಕಟ್ಟಬೇಕು ಅಂತ ಬರೆದಿದೆ, ತಾಯಿ.”

“ಬರೆದವನ ತಲೆಗೆ ಕಟ್ಟಿ! ಇರೋದೇ ಐದು ಕಾಲು, ಇನ್ನೊಂದು ಹೋದ್ರೆ ಯಾರು ಜವಾಬ್ದಾರಿ?”

ಜವಾಬ್ದಾರಿ ಎಂಬ ಮಾತಿಗೆ ಮಾವ ತಣ್ಣಗಾದರು. ಬಂದ ಸ್ಥಿತಿಯಲ್ಲೇ ವಾಪಸು ಕೊಡಬೇಕು ಎಂಬುದೂ ನಿಯಮವೇ. ಹಾಗಾದರೆ ಇದನ್ನು ತೊಂಬತ್ತು ದಿನ ಬದುಕಿಸಬೇಕು. ಚೀಟಿ ಡಬ್ಬಿಯ ಕಿವಿಗೆ ಹೋಯಿತು, ನಂಬರು ಎಂಟುನೂರ ಹದಿಮೂರು.

ಮೊದಲ ದಿನ ಮಾವ ತಮ್ಮ ಬುತ್ತಿಯಿಂದ ನಾಲ್ಕು ಅಗುಳು ಅನ್ನ ಹಾಕಿದರು. ಹುಳ ನೋಡಲೂ ಇಲ್ಲ. ಎರಡನೆಯ ದಿನ ಬ್ರೆಡ್ಡು, ಎಳೆ ಎಲೆ, ಒಂದು ಚಿಟಿಕೆ ಸಕ್ಕರೆ. ಹುಳ ಕೈಮುಗಿದುಕೊಂಡೇ ಇತ್ತು. “ಪಾಪ, ಉಪವಾಸ ಮಾಡೋ ಜಾತಿ ಇರಬೇಕು,” ಎಂದು ಮಾವ ಮರುಗಿದರು. ವಿಚಾರಣೆಯವಳು ಫೋನಿನಲ್ಲಿ ಹುಡುಕಿ, ಓದಿ, ಬಿದ್ದೂ ಬಿದ್ದು ನಕ್ಕಳು.

“ಉಪವಾಸವೂ ಇಲ್ಲ, ವನವಾಸವೂ ಇಲ್ಲ ಸಾರ್. ಇದು ಪಕ್ಕಾ ಕೊಲೆಗಡುಕ. ಜೀವ ಇರೋದನ್ನೇ ತಿನ್ನೋದು. ಕೈಮುಗಿದಿರೋದು ಹಿಡಿಯೋಕೆ!”

ಹೀಗೆ ಶುರುವಾಯಿತು ಮಾವನ ನೊಣದ ಬೇಟೆ. ಡಿಪೋದಲ್ಲಿ ನೊಣ ಬೇಕೆಂದರೆ ಕ್ಯಾಂಟೀನು. ಮಾವ ಬೆಂಕಿಪೊಟ್ಟಣ ಅರ್ಧ ತೆರೆದು ಹಿಡಿದು, ಉಸಿರು ಬಿಗಿಹಿಡಿದು, ಮೇಜಿನಿಂದ ಮೇಜಿಗೆ ಬಗ್ಗಿ ಬಗ್ಗಿ ನಡೆಯುತ್ತಿದ್ದರೆ ಗಿರಾಕಿಗಳು ತಿನ್ನುವುದನ್ನು ಬಿಟ್ಟು ತಮ್ಮ ತಟ್ಟೆ ನೋಡಿಕೊಳ್ಳುತ್ತಿದ್ದರು. ಬೇಟೆಯ ಮೂರನೆಯ ದಿನ ಕ್ಯಾಂಟೀನಿನವನು ಅಡ್ಡ ನಿಂತ.

“ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ನಮ್ಮಲ್ಲಿ ನೊಣ ಇಲ್ಲ ಅಂತ ಬೋರ್ಡು ಹಾಕಿದೀನಿ, ಅದರ ಕೆಳಗೇ ನಿಂತು ನೊಣ ಹಿಡೀತೀರಲ್ಲ!”

“ಇಲ್ಲದಿದ್ರೆ ನಾನ್ಯಾಕೆ ಬರ್ತಿದ್ದೆ?”

“ಸರಿ, ನಾನೇ ಹಿಡಿದು ಕಳಿಸ್ತೀನಿ. ದಿನಕ್ಕೆ ಎಷ್ಟು ಬೇಕು ಹೇಳಿ. ಆದ್ರೆ ಹಿಂಬಾಗಿಲಿಗೆ ಬನ್ನಿ!”

ಅಂದಿನಿಂದ ದಿನಕ್ಕೆ ಮೂರು ನೊಣ, ಬೆಂಕಿಪೊಟ್ಟಣದಲ್ಲಿ, ಯಾರಿಗೂ ಕಾಣದಂತೆ ಕೈಯಿಂದ ಕೈಗೆ ದಾಟುತ್ತಿದ್ದವು. ಹುಳ ಮೊದಲ ನೊಣವನ್ನು ಹಿಡಿದ ವೇಗಕ್ಕೆ ಮಾವ ಕುರ್ಚಿಯಿಂದ ಹಿಂದಕ್ಕೆ ವಾಲಿದ್ದರು. ಅದು ಎರಡು ಕೈಯಲ್ಲೂ ಹಿಡಿದುಕೊಂಡು ಕಚಕಚನೆ ತಿಂದು, ಆಮೇಲೆ ಒಂದೊಂದೇ ಕೈಯನ್ನು ನೆಕ್ಕಿ ಚೊಕ್ಕ ಮಾಡಿಕೊಂಡಿತು. “ಊಟ ಆದಮೇಲೆ ಕೈ ತೊಳೆಯುತ್ತೆ, ನೋಡಮ್ಮ!” ಎಂದು ಮಾವ ಕಿಟಕಿಯವಳನ್ನು ಕರೆದು ತೋರಿಸಿದರು. ಅವಳ ಕಿಟಕಿಯೆದುರು ಬಸ್ಸಿನ ಸಮಯ ಕೇಳಲು ನಿಂತ ಎಂಟು ಜನ ಗೊಣಗುತ್ತಿದ್ದರು, ಗೊಣಗಲಿ ಬಿಡಿ.

ಕುಡಿಯುವುದು ತಟ್ಟೆಯಲ್ಲಿಟ್ಟ ನೀರನ್ನಲ್ಲ, ಹನಿಯನ್ನು ಎಂದು ಗೊತ್ತಾದ ಮೇಲೆ ಮನೆಯ ಇಸ್ತ್ರಿ ಮೇಜಿನಿಂದ ನೀರು ಚಿಮುಕಿಸುವ ಬಾಟಲಿ ಕಾಣೆಯಾಯಿತು. “ಎಲ್ರೀ ನನ್ನ ಬಾಟಲಿ?” ಎಂದು ಹೆಂಡತಿ ಕೇಳಿದ್ದಕ್ಕೆ ಮಾವ, “ಆಫೀಸಿನ ವಿಷಯ,” ಎಂದು ಗಂಭೀರವಾಗಿ ಹೇಳಿ ಜಾರಿಕೊಂಡರು. ಆಫೀಸಿನಿಂದ ಮನೆಗೆ ಏನನ್ನೂ ತರದ ಮನುಷ್ಯ ಮನೆಯಿಂದ ಆಫೀಸಿಗೆ ಸಾಗಿಸತೊಡಗಿದ್ದು ಹೀಗೆ.

ಇಪ್ಪತ್ತನೆಯ ದಿನದ ಹೊತ್ತಿಗೆ ಹುಳ ಊಟ ಬಿಟ್ಟಿತು. ಬಲೆಗೆ ತಲೆಕೆಳಗಾಗಿ ಜೋತುಬಿದ್ದು ಮೂರು ದಿನ ಮಿಸುಕಲಿಲ್ಲ. ಮಾವನಿಗೂ ಬುತ್ತಿ ಸೇರಲಿಲ್ಲ. ನಾಲ್ಕನೆಯ ದಿನ ಬಾಗಿಲು ತೆಗೆದು ನೋಡಿದರೆ ಡಬ್ಬಿಯಲ್ಲಿ ಎರಡು ಹುಳ! ಒಂದು ದೊಡ್ಡದು, ಜೀವಂತ. ಇನ್ನೊಂದು ಚಿಕ್ಕದು, ಬಿಳಚಿಕೊಂಡು ನೇತಾಡುತ್ತಿದೆ. ಬೇರೆ ಯಾರಾದರೂ ಏನು ಮಾಡುತ್ತಿದ್ದರೋ, ಮಾವ ರಿಜಿಸ್ಟರಿನಲ್ಲಿ ಬರೆದರು: “ರಾತ್ರಿ ಬೀಗ ಹಾಕಿದ ಕೋಣೆಯೊಳಗೆ ಅಪರಿಚಿತ ಹುಳ ಒಂದು ನುಗ್ಗಿ ನಮ್ಮ ಹುಳವನ್ನು ಕೊಂದಿದೆ. ಆರೋಪಿ ಸ್ಥಳದಲ್ಲೇ ಇದೆ.” ಬರೆದು, ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡರು. ಆರೋಪಿಗೆ ಮಧ್ಯಾಹ್ನದವರೆಗೂ ನೊಣ ಕೊಡಲಿಲ್ಲ.

ಕಿಟಕಿಯವಳು ಬಂದು ನೋಡಿ ಹಣೆ ಚಚ್ಚಿಕೊಂಡಳು. “ಸಾರ್, ಅದು ಪೊರೆ! ಬೆಳೆದಾಗ ಹಳೇ ಚರ್ಮ ಕಳಚುತ್ತಂತೆ. ಸತ್ತಿಲ್ಲ, ದೊಡ್ಡದಾಗಿದೆ ಅಷ್ಟೇ.”

ಮಾವ ಬಗ್ಗಿದರು. ಆರೋಪಿ ಕತ್ತು ತಿರುಗಿಸಿ ಅದೇ ಹಳೆಯ ದೃಷ್ಟಿಯಲ್ಲಿ ಅವರನ್ನು ಮೇಲಿನಿಂದ ಕೆಳಗೆ ನೋಡಿತು. ಎಡಗಡೆ, ಕಾಲಿಲ್ಲದ ಜಾಗದಲ್ಲಿ, ಪುಟ್ಟ ಸುರುಳಿಯಂಥ ಮೊಳಕೆ. ಅವತ್ತು ಮಾವನಿಗೆ ಆದ ಸಂತೋಷಕ್ಕೆ ಲೆಕ್ಕವಿಲ್ಲ. ರಿಜಿಸ್ಟರಿನ ಕೊಲೆ ಪ್ರಕರಣವನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಹುಳಕ್ಕೆ ಎರಡು ನೊಣ ಹೆಚ್ಚಿಗೆ ಕೊಟ್ಟು ಕ್ಷಮೆ ಕೇಳಿದರು.

ಅಲ್ಲಿಂದ ಮುಂದೆ ಅವರ ನಿಯತ್ತು ಕೆಟ್ಟಿತು. ಕೈಯಿಂದ ಅಲ್ಲ, ಮನಸ್ಸಿನಲ್ಲಿ. ಮೊದಲೆಲ್ಲ ಬಾಗಿಲ ಬಳಿ ಹೆಜ್ಜೆ ಸಪ್ಪಳವಾದರೆ ಸಂಭ್ರಮದಿಂದ ರಿಜಿಸ್ಟರು ಎಳೆದುಕೊಳ್ಳುತ್ತಿದ್ದವರು ಈಗ ಬಂದವರ ಮುಖವನ್ನೇ ಅನುಮಾನದಿಂದ ನೋಡುತ್ತಿದ್ದರು. ಬಂದವರು “ಕೊಡೆ,” ಎಂದರೆ ನೆಮ್ಮದಿಯ ನಿಟ್ಟುಸಿರು ಬಿಡುತ್ತಿದ್ದರು. “ಒಂದು ಡಬ್ಬಿ...” ಎಂದು ಯಾರಾದರೂ ಮಾತು ಶುರುಮಾಡಿದರೆ ಕನ್ನಡಕ ತೆಗೆದು ಒರೆಸತೊಡಗುತ್ತಿದ್ದರು. ಯಾರೂ ಬರಬಾರದು, ತೊಂಬತ್ತು ದಿನ ಕಳೆದುಬಿಡಲಿ, ಜನ್ಮದಲ್ಲಿ ಒಂದೇ ಒಂದು ಅರ್ಜಿ ಬರೆದುಬಿಡುತ್ತೇನೆ ಎಂದು ಒಳಗೊಳಗೇ ಆಸೆ. ಹಾಗೆ ಆಸೆಪಟ್ಟದ್ದಕ್ಕೆ ನಾಚಿಕೆ. ಕಿಟಕಿಯವಳಿಗೆ ಎಲ್ಲ ಗೊತ್ತಿತ್ತು. “ಸಾರ್, ಇನ್ನೆಷ್ಟು ದಿನ?” ಎಂದು ದಿನಾ ಬೆಳಿಗ್ಗೆ ಗಂಭೀರ ಮುಖ ಮಾಡಿಕೊಂಡು ಕೇಳಿ, ಆಚೆ ಹೋಗಿ ನಗುತ್ತಿದ್ದಳು.

ಹುಳ ಇನ್ನೂ ಮೂರು ಸಲ ಪೊರೆ ಬಿಟ್ಟಿತು. ಕಂದು ಹೋಗಿ ಎಳೆ ಹಸಿರಾಯಿತು. ರೆಕ್ಕೆ ಬಂತು. ಕಾಲು ಪೂರ್ತಿ ಬೆಳೆಯಿತು. ಮುಚ್ಚಳ ತೆಗೆದರೆ ತಾನಾಗಿ ಮಾವನ ತೋರುಬೆರಳಿಗೆ ಹತ್ತಿ, ಅಂಗಿಯ ತೋಳಿನ ಮೇಲೆ ಓಲಾಡುತ್ತಾ ನಡೆದು, ಹೆಗಲ ಮೇಲೆ ಕೂತು ರಿಜಿಸ್ಟರು ನೋಡುತ್ತಿತ್ತು.

ಎಂಬತ್ತನಾಲ್ಕನೆಯ ದಿನ, ಹನ್ನೊಂದು ಗಂಟೆಗೆ, ಮೂವತ್ತರ ಆಸುಪಾಸಿನ ಒಬ್ಬ ನರ್ಸು ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ಬಂದು ಕೌಂಟರಿನ ಮುಂದೆ ನಿಂತಳು.

“ಸಾರ್, ಸುಮಾರು ಮೂರು ತಿಂಗಳ ಹಿಂದೆ ಬಸ್ಸಲ್ಲಿ ಒಂದು ಡಬ್ಬಿ ಬಿಟ್ಟಿದ್ದೆ. ಮೇಲೆ ಬಲೆ ಇತ್ತು. ಅವತ್ತೇ ಬೇರೆ ಊರಿನ ಆಸ್ಪತ್ರೆಗೆ ಡ್ಯೂಟಿಗೆ ಹಾಕಿದ್ರು, ನಿನ್ನೆ ವಾಪಸ್ ಬಂದೆ. ಸತ್ತೇ ಹೋಗಿರುತ್ತೆ, ಗೊತ್ತು. ಆದ್ರೂ ಕೇಳದೆ ಇರೋಕಾಗ್ಲಿಲ್ಲ.”

ಡಬ್ಬಿ ಕೌಂಟರಿನ ಕೆಳಗೆ, ಅವರ ಮೊಣಕಾಲಿಗೆ ತಾಗಿಕೊಂಡೇ ಇತ್ತು.

“ಗುರುತು ಹೇಳಿ.”

“ಕಂದು ಬಣ್ಣ. ಇಷ್ಟೇ ಇಷ್ಟು,” ಎಂದು ಹೆಬ್ಬೆರಳಿನ ತುದಿ ತೋರಿಸಿದಳು. “ಎಡಗಡೆ ನಡುವಿನ ಕಾಲು ಇರ್ಲಿಲ್ಲ.”

ನೋಡಿ, ಈಗ ಕೌಂಟರಿನ ಕೆಳಗಿದ್ದದ್ದು ಹಸಿರು, ಅಂಗೈಯುದ್ದ, ಆರೂ ಕಾಲು ಸರಿಯಾಗಿರುವ ಹುಳ. “ಅಂಥದ್ದು ಇಲ್ಲಿಲ್ಲ,” ಎಂದುಬಿಟ್ಟಿದ್ದರೆ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಾವ ರಿಜಿಸ್ಟರು ಎಳೆದು ಎಂಟುನೂರ ಹದಿಮೂರರ ಸಾಲು ನೋಡಿದರು. ಪಕ್ಕದ ಕಿಟಕಿಯಲ್ಲಿ ವಿಚಾರಣೆಯವಳ ದನಿ ಫಕ್ಕನೆ ನಿಂತುಹೋಯಿತು. ಆಮೇಲೆ ಮಾವ ಬಗ್ಗಿ ಡಬ್ಬಿಯನ್ನೆತ್ತಿ ಮೇಲಿಟ್ಟರು.

“ಇದೇ ತಾಯಿ ನಿಮ್ದು. ನಾಲ್ಕು ಸಲ ಪೊರೆ ಬಿಟ್ಟಿದೆ, ಅದಕ್ಕೇ ಬಣ್ಣ ಬೇರೆ. ಕಾಲು ಹೊಸದಾಗಿ ಬಂತು. ನೋಡಿ, ಉಳಿದವುಗಳಿಗಿಂತ ಕೂದಲೆಳೆಯಷ್ಟು ಗಿಡ್ಡ.”

ನರ್ಸು ಡಬ್ಬಿಯನ್ನು ನೋಡಿದಳು. ಅವಳ ಕಣ್ಣು ತುಂಬಿದ್ದನ್ನು ಮಾವ ಕಂಡರು. ಮುಚ್ಚಳ ತೆಗೆದು ಅವಳು ಬೆರಳು ಚಾಚಿದಳು. ಹುಳ ಆ ಬೆರಳನ್ನು ದಾಟಿ, ಕೌಂಟರಿನ ಮೇಲೆ ನಡೆದು, ಮಾವನ ತೋಳು ಹತ್ತಿ, ಹೆಗಲ ಮೇಲೆ ತನ್ನ ಜಾಗದಲ್ಲಿ ಕೂತಿತು.

“ಏನ್ ಕೊಡ್ತೀರಿ ತಿನ್ನೋಕೆ?” ಎಂದು ಅವಳು ಕೇಳಿದಳು.

ಮಾವ ಹೇಳತೊಡಗಿದರು. ನೊಣ, ಕ್ಯಾಂಟೀನು, ಹಿಂಬಾಗಿಲು, ಇಸ್ತ್ರಿ ಬಾಟಲಿ, ಪೊರೆ ಬಿಡುವ ಮುನ್ನ ಡಬ್ಬಿಯನ್ನು ಅಲ್ಲಾಡಿಸಬಾರದು, ನೊಣವನ್ನೂ ಒಳಗೆ ಬಿಡಬಾರದು, ಮಧ್ಯಾಹ್ನದ ಬಿಸಿಲು ಆಗದು, ದೊಡ್ಡ ದನಿಯಲ್ಲಿ ಸೀನಿದರೆ ಮುನಿಸಿಕೊಳ್ಳುತ್ತದೆ. ಎಲ್ಲ ಕೇಳಿ ಮುಗಿಸಿ ಅವಳು ಕೈಚೀಲ ಹೆಗಲಿಗೇರಿಸಿದಳು.

“ಇದು ನಂದಲ್ಲ ಸಾರ್.”

“ಅಲ್ಲ ಅಂದ್ರೆ? ನಿಮ್ದೇ! ಬೇಕಿದ್ರೆ ರಿಜಿಸ್ಟರು ನೋಡಿ!”

“ನಂದು ಕಂದು. ಇದು ಹಸಿರು. ನಂದಕ್ಕೆ ಒಂದು ಕಾಲಿರ್ಲಿಲ್ಲ. ಗುರುತು ಸರಿಹೋಗ್ಲಿಲ್ಲ ಅಂದ್ರೆ ಕೊಡೋ ಹಾಗಿಲ್ಲ ಅಲ್ವಾ?”

ಮೂವತ್ತೊಂದು ವರ್ಷ “ಇದು ನಂದೇ,” ಎಂದು ಜಗಳವಾಡಿದವರನ್ನು ಕಂಡಿದ್ದ ಮಾವ, ತಮ್ಮದನ್ನು ತಮ್ಮದಲ್ಲ ಎನ್ನುವವಳ ಮುಂದೆ ಕೈ ಕೈ ಹಿಸುಕಿಕೊಂಡರು. ಕೊನೆಗೆ ಸೋತು, “ಸಂಬಂಧಪಟ್ಟವರು ಬಂದು ನೋಡಿ ತಮ್ಮದಲ್ಲ ಎಂದರು,” ಎಂದು ಬರೆದರು. ಅವಳು ಸಹಿ ಹಾಕಿ ಬಾಗಿಲತ್ತ ಹೊರಟಳು. ಆಗ ಮಾವನೊಳಗಿನ ಹಳೆಯ ಗುಮಾಸ್ತ ಸುಮ್ಮನಿರದೆ, ಅವಳು ಹೊಸಿಲು ದಾಟುವ ಹೊತ್ತಿಗೆ ಫಟ್ಟನೆ ಕೇಳಿದ:

“ಏನಂತ ಕರೀತಿದ್ರಿ ಇದನ್ನ?”

“ಚಿನ್ನಿ,” ಎಂದಳು ಅವಳು. ಎಂದು, ನಾಲಿಗೆ ಕಚ್ಚಿಕೊಂಡು ನಿಂತುಬಿಟ್ಟಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ವಾರಸುದಾರರ ಬಾಯಿಂದಲೇ ಗುರುತು ಬಂದಿತ್ತು. ಬರೆದುಕೊಳ್ಳಲೇಬೇಕು, ಬರೆದರೆ ಡಬ್ಬಿ ಕೊಡಲೇಬೇಕು. ಮಾವ ಪೆನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, ಎರಡು ಸಲ ಕೊಡವಿ, ಜೇಬಿಗೆ ಸಿಕ್ಕಿಸಿದರು.

“ಇಂಕು ಖಾಲಿಯಾಗಿದೆ ತಾಯಿ. ಹೋಗಿ ಬನ್ನಿ. ಆಗಾಗ ಬಂದು ನೋಡಿಕೊಂಡು ಹೋಗಿ.”

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾ ಮೆಟ್ಟಿಲಿಳಿದಳು. ಪೆನ್ನಿಗೆ ಮಾವ ಬೆಳಿಗ್ಗೆಯಷ್ಟೇ ಹೊಸ ರೀಫಿಲ್ ಹಾಕಿದ್ದರು.