ಚಿತ್ತಾರದ ತುಂಡು ಗೆರೆ

ನೆಲಕ್ಕೆ ಹಾಸಿದ್ದ ಹೊಸ ಫ್ಲೆಕ್ಸಿನ ಮೇಲೆ ಹರಿದಾಡುತ್ತಿದ್ದ ಅಜ್ಜಿಯ ಬೆರಳು ಒಂದು ಕಡೆ ತಟ್ಟನೆ ನಿಂತಿತು. “ಈ ಗೆರೆ ಇಲ್ಲಿ ತುಂಡಾಗಿತ್ತಲ್ಲ ತಮ್ಮಾ, ಯಾರು ಸೇರ್ಸಿದ್ದು?”

ಸಾಗರದಲ್ಲಿ ನನ್ನದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಮೊಮ್ಮಗಳ ಮದುವೆ ಮಂಟಪದ ಹಿಂದೆ ಕಟ್ಟಲೆಂದು ಅಜ್ಜಿಯ ಮನೆಯವರು ತಮ್ಮ ಗೋಡೆಯ ಹಸೆ ಚಿತ್ತಾರದ ಫೋಟೋ ಕಳಿಸಿದ್ದರು. ಮೊಬೈಲಿನ ಫೋಟೋ ಹಿಗ್ಗಿಸಿದರೆ ಚೌಕ ಚೌಕವಾಗಿ ಒಡೆಯುತ್ತಿತ್ತು. ಅದಕ್ಕೇ ಕಂಪ್ಯೂಟರಿನಲ್ಲಿ ಟ್ರೇಸ್ ಮಾಡಿ, ಎಷ್ಟು ದೊಡ್ಡದಾದರೂ ಒಡೆಯದ ವೆಕ್ಟರ್ ಗೆರೆಗಳಾಗಿ ಬದಲಿಸಿದ್ದೆ. ಈಗ ಮೂಲ ಫೋಟೋ ತೆರೆದು ನೋಡಿದೆ. ಅಜ್ಜಿ ಹೇಳಿದಲ್ಲೇ ಗೆರೆ ತುಸು ತುಂಡಾಗಿತ್ತು. ಟ್ರೇಸ್ ಆಗುವಾಗ ಸಾಫ್ಟ್‌ವೇರ್ ತಾನೇ ಅದನ್ನು ಕೂಡಿಸಿಬಿಟ್ಟಿತ್ತು.

“ಸರಿ ಮಾಡ್ಕೊಡ್ತೀನಿ ಅಜ್ಜಿ,” ಎಂದೆ.

“ಬ್ಯಾಡ. ನಮ್ಮಕ್ಕ ಈ ಚಿತ್ತಾರ ಬರೀತಾ ಬರೀತಾ ಅಲ್ಲೇ ಕುಸಿದು ಜೀವ ಬಿಟ್ಳು. ಉಳಿದದ್ದೆಲ್ಲ ನಾನೇ ಬರ್ದೆ. ಅದೊಂದು ಗೆರೆ ಅವಳೇ ಬಂದು ಸೇರಿಸ್ಲಿ ಅಂತ ಬಿಟ್ಟಿದ್ದೆ.” ಅಜ್ಜಿ ಕಂಪ್ಯೂಟರಿನ ಎದುರು, ನನ್ನ ಪಕ್ಕದಲ್ಲಿದ್ದ ಖಾಲಿ ಕುರ್ಚಿಯನ್ನು ನೋಡಿ ಮೆಲ್ಲಗೆ ಕೇಳಿದರು: “ಬಂದವಳು ಎಷ್ಟೊತ್ತು ಕೂತಿದ್ಲು?”

ಸೇರಿದ ಗೆರೆಯನ್ನು ಹಾಗೇ ಬಿಟ್ಟು ಫ್ಲೆಕ್ಸ್ ಸುತ್ತಿಕೊಟ್ಟೆ. ಈಗಲೂ ಟ್ರೇಸ್ ಬಟನ್ ಒತ್ತುವ ಮೊದಲು ಪಕ್ಕದ ಕುರ್ಚಿಯ ಕಡೆ ಒಮ್ಮೆ ನೋಡುತ್ತೇನೆ.