ಬಿಳಿ ಗೌನಿನ ಕಾವಲಿಗೆ ಕುಂದಾ ಮೌಶಿ

ಮುಂಬೈಯ ಗಿರ್‌ಗಾಂವ್‌ನಲ್ಲಿ, ಹಳೆಯ ಕಟ್ಟಡವೊಂದರ ತಾರಸಿಯ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕುಂದಾ ರೇವಂಡ್ಕರ್ ಬಾಯಲ್ಲಿ ಸೇಫ್ಟಿ ಪಿನ್ನುಗಳನ್ನು ಕಚ್ಚಿಕೊಂಡು ಬಿಳಿ ರೇಷ್ಮೆಯ ಗೌನಿಗೆ ಇಸ್ತ್ರಿ ಹಾಕುತ್ತಿದ್ದಾರೆ. ಛಾಯಾಗ್ರಾಹಕ ರುಸ್ತುಂ ಚಹಾ ಹಿಡಿದು ಹತ್ತಿರ ಬಂದರೆ ಪಿನ್ನು ಕಚ್ಚಿದ ಬಾಯಲ್ಲೇ ಗುರ್ ಎನ್ನುತ್ತಾರೆ. ಆತ ಲೋಟದ ಸಮೇತ ಮೆಟ್ಟಿಲ ಕಡೆ ಓಡುತ್ತಾನೆ. ಕುಂದಾ ಅವರ ಕೆಲಸದ ಬಗ್ಗೆ ಬರೆಯಲೆಂದು ಬಂದ ನಾನು ದೂರವೇ ನಿಲ್ಲುತ್ತೇನೆ.

ಮಹಿಳಾ ಮಾಸಿಕವೊಂದರಲ್ಲಿ ಬಸುರಿಯರ ಉಡುಪಿಗೆಂದೇ ಮೀಸಲಾದ ಪುಟಗಳು ಇಪ್ಪತ್ತು ವರ್ಷದಿಂದ ಕುಂದಾ ಅವರ ಕೈಯಲ್ಲೇ ಸಿಂಗಾರಗೊಳ್ಳುತ್ತಿವೆ. ಜಾಗ ಹುಡುಕುವುದು, ಅಂಗಡಿಯಿಂದ ಬಟ್ಟೆ ಕಡ ತರುವುದು, ಉಡಿಸುವುದು, ಸಂಜೆ ಮಡಿಸಿ ವಾಪಸ್ ಮುಟ್ಟಿಸುವುದು, ಎಲ್ಲ ಅವರದೇ. ಪತ್ರಿಕೆಯಲ್ಲಿ ರುಸ್ತುಂನ ಹೆಸರು ಬರುತ್ತದೆ, ಅಂಗಡಿಯ ಹೆಸರು ಬರುತ್ತದೆ, ಲಿಪ್‌ಸ್ಟಿಕ್ಕಿನ ಹೆಸರೂ ಬರುತ್ತದೆ. ಕುಂದಾ ಅವರದು ಬರುವುದಿಲ್ಲ; ಇಲ್ಲಿನವರಿಗೆಲ್ಲ ಅವರು ಬರೀ ಮೌಶಿ, ಚಿಕ್ಕಮ್ಮ. ಮೊದಲೆಲ್ಲ ತೆಳ್ಳಗಿನ ಹುಡುಗಿಯರಿಗೆ ತಾವೇ ಹೊಲಿದ ಹತ್ತಿಯ ಹೊಟ್ಟೆ ಕಟ್ಟುತ್ತಿದ್ದರು. ಹೊಸ ಸಂಪಾದಕಿ ಬಂದ ಮೇಲೆ ನಿಜವಾದ ಬಸುರಿಯರೇ ಬೇಕೆಂದಾಯಿತು.

“ಹತ್ತಿ ಹೊಟ್ಟೆ ಎಷ್ಟು ಒಳ್ಳೇದಿತ್ತು ಗೊತ್ತಾ?” ಎನ್ನುತ್ತಾರೆ ಕುಂದಾ. “ವಾಂತಿ ಇಲ್ಲ, ಕಾಲು ಊದಲ್ಲ, ಅದು ಬೇಕು ಇದು ಬೇಕು ಅನ್ನಲ್ಲ. ಸಂಜೆ ಬಿಚ್ಚಿ ಚೀಲಕ್ಕೆ ಹಾಕಿದ್ರೆ ಮುಗೀತು.”

ಇವತ್ತಿನ ರೂಪದರ್ಶಿ ಮೃಣ್ಮಯಿಗೆ ಏಳು ತಿಂಗಳು. ಗೌನು ಉಟ್ಟು ಗೋಡೆಗೊರಗಿ ನಿಂತಳು ಎನ್ನುವಷ್ಟರಲ್ಲಿ ಕೆಳಗಿನ ಬೀದಿಯಲ್ಲಿ ನೇರಳೆ ಹಣ್ಣಿನವಳು ಕೂಗಿಕೊಂಡು ಹೋಗುತ್ತಾಳೆ. ಮೃಣ್ಮಯಿ ಕತ್ತು ಹೊರಳಿಸಿ, ಮೆತ್ತಗೆ, ತನಗೆ ನೇರಳೆ ಬೇಕು ಎನ್ನುತ್ತಾಳೆ.

ಬಸುರಿಯ ಬಯಕೆಗೆ ಇಲ್ಲ ಎನ್ನುವವರು ನಮ್ಮ ಕಡೆ ಯಾರಿದ್ದಾರೆ? ದೀಪದವರು ದೀಪ ಆರಿಸಿ ಕೂತುಬಿಡುತ್ತಾರೆ. ಪಾರ್ಸಿಯಾದ ರುಸ್ತುಂ ಕೂಡ, ಅವಳು ತಿನ್ನುವ ತನಕ ತನ್ನ ಕೈ ಏಳುವುದಿಲ್ಲ ಎಂದು ಕ್ಯಾಮೆರಾ ಕೆಳಗಿಡುತ್ತಾನೆ. ಗೌನು ಬಿಚ್ಚೋಣವೆಂದರೆ ಬೆನ್ನಿಗೆ ಹಾಕಿದ ಹೊಲಿಗೆ ಬಿಚ್ಚಬೇಕು. ಅಷ್ಟರಲ್ಲಿ ಎಳೆಬಿಸಿಲು ಹೋಗಿರುತ್ತದೆ. ಕುಂದಾ ಅವರ ಕಣ್ಣೆದುರು ಹಂಸಾಬೆನ್ ಮುಖ ಬರುತ್ತದೆ. ಗೌನು ಅವರ ಅಂಗಡಿಯದು. ಕಾಲರಿಗೆ ಒಂದಿಷ್ಟು ತುಟಿಬಣ್ಣ ತಾಗಿಸಿದ್ದಕ್ಕೆ ಇನ್ನೊಂದು ಪತ್ರಿಕೆಯವರಿಗೆ ಶಾಶ್ವತವಾಗಿ ಬಾಗಿಲು ಹಾಕಿದ ಹೆಂಗಸು. ಅವರು ಬಟ್ಟೆ ಕೊಡದಿದ್ದರೆ ಕುಂದಾ ಅವರಿಗೆ ಈ ಕೆಲಸವೇ ಇಲ್ಲ.

ಹಣ್ಣು ಬರುತ್ತದೆ. ಕುಂದಾ ಹುಡುಗಿಗೆ ಕುತ್ತಿಗೆಯಿಂದ ಪಾದದವರೆಗೆ ಮಳೆಯಂಗಿ ತೊಡಿಸಿ, ಮೇಲೊಂದು ಮೇಜಿನ ಹೊದಿಕೆ ಸುತ್ತುತ್ತಾರೆ. ಕೈ ಆಡಿಸಕೂಡದು ಎಂದು ತಾಕೀತು. ಒಂದೊಂದೇ ಹಣ್ಣನ್ನು ತಾವೇ ಅವಳ ಬಾಯಿಗಿಟ್ಟು ಬೀಜಕ್ಕೆ ಅಂಗೈ ಒಡ್ಡುತ್ತಾರೆ. ಕ್ಷೌರಕ್ಕೆ ಕೂತವರ ಹಾಗೆ ಕೂತು ಮೃಣ್ಮಯಿ ಕಣ್ಣು ಮುಚ್ಚಿ ತಿನ್ನುತ್ತಾಳೆ. ಕೊನೆಗೆ ಬಾಯಿ ಒರೆಸಿ ಹೊದಿಕೆ ತೆಗೆದರೆ ಗೌನಿನ ಮೇಲೆ ಒಂದು ಹನಿಯೂ ಇಲ್ಲ. ದೀಪದವರು ಚಪ್ಪಾಳೆ ತಟ್ಟುತ್ತಾರೆ.

“ಮೌಶಿ, ಒದೀತಾ ಇದೆ, ಇಲ್ಲಿ ನೋಡಿ” ಎಂದು ಮೃಣ್ಮಯಿ ಕುಂದಾ ಅವರ ಕೈ ಸೆಳೆದು ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಾಳೆ.

ಕುಂದಾ ನಗುತ್ತಾರೆ. ಆಮೇಲೆ ಕೈ ತೆಗೆಯುತ್ತಾರೆ. ಬಿಳಿ ರೇಷ್ಮೆಯ ಮೇಲೆ ನೇರಳೆ ಬಣ್ಣದ ನಾಲ್ಕು ಬೆರಳು.

ಅಲ್ಲಿಂದ ಮುಂದೆ ತೆಗೆದ ಎಲ್ಲ ಚಿತ್ರಗಳಲ್ಲೂ ಮೃಣ್ಮಯಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಇದ್ದಾಳೆ. ಓದುಗರು ಅದನ್ನು ತಾಯಿಯ ಮಮತೆ ಎಂದುಕೊಳ್ಳಲಿ, ನಾವ್ಯಾರೂ ಬಾಯಿ ಬಿಡುವುದಿಲ್ಲ.

ಸಂಜೆ ಗೌನು ಮುಟ್ಟಿಸಲು ಹೊರಟಾಗ ನಾನೂ ಜೊತೆಗಿದ್ದೇನೆ. ಏನಾದರೂ ಸುಳ್ಳು ಹೇಳೋಣ ಎಂದು ಟ್ಯಾಕ್ಸಿಯಲ್ಲಿ ನಾನು ಸಲಹೆ ಕೊಡುತ್ತೇನೆ. ಅವರು ಮಾತ್ರ ಅಂಗಡಿಯಲ್ಲಿ ಕಲೆ ಕಾಣುವ ಹಾಗೆಯೇ ಗೌನು ಹರಡಿ, ನಡೆದದ್ದೆಲ್ಲ ಹೇಳುತ್ತಾರೆ. ಹಂಸಾಬೆನ್ ಕನ್ನಡಕ ಏರಿಸಿ ಕಲೆ ನೋಡುತ್ತಾರೆ.

“ಹೊಟ್ಟೆ ತುಂಬ ತಿಂದ್ಲಾ?”

“ತಂದಿದ್ದೆಲ್ಲ ಖಾಲಿ ಮಾಡಿದ್ಲು, ಬೆನ್.”

“ಮಗು ಒದ್ದಿದ್ದು ನಿನ್ನ ಕೈಗೆ ಗೊತ್ತಾಯ್ತಾ?”

“ಜೋರಾಗೇ ಒದೀತು.”

ಹಂಸಾಬೆನ್ ಗೌನು ಮಡಿಸುತ್ತಾರೆ. ಬಯಕೆಯ ಕಲೆ ಬಿದ್ದದ್ದು ಬಸುರಿಗೇ ಸೇರಬೇಕು, ಅವಳಿಗೇ ಕೊಟ್ಟುಬಿಡು ಎನ್ನುತ್ತಾರೆ. ಮುಂದಿನ ತಿಂಗಳಿಗೆಂದು ಮೇಲಿನ ಹಲಗೆಯಿಂದ ಇನ್ನೊಂದನ್ನು ಇಳಿಸುತ್ತಾರೆ. ಅದೂ ಬಿಳಿಯದೇ.

ಹೊರಗೆ ಬಂದು ಕುಂದಾ ಕಣ್ಣೊರೆಸಿಕೊಳ್ಳುತ್ತಾರೆ. ಪತ್ರಿಕೆಯಲ್ಲಿ ಒಮ್ಮೆಯಾದರೂ ಹೆಸರು ಬರಲಿ ಎಂಬ ಆಸೆಯಿಲ್ಲವೇ ಎಂದು ಕೇಳುತ್ತೇನೆ.

“ಹೆಸರು ತಗೊಂಡು ಏನ್ ಮಾಡ್ಲಿ?” ಎನ್ನುತ್ತಾರೆ. “ಮುಂದಿನವಳಿಗೆ ಪೇರಲೆ ಹಣ್ಣಿನ ಬಯಕೆ ಆಗ್ಲಿ. ನಂಗೆ ಅಷ್ಟು ಸಾಕು.”